ಹಲ್ಲು ನೋಡಿ ಜೊತೆ ಕೂಡಿಸಿ: ಮೊರೇ ಈಲ್‌ಗಳ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮನೆಯಲ್ಲಿ ನಾಲ್ಕು ಅಡಿ ಉದ್ದದ ಉಪ್ಪುನೀರಿನ ಅಕ್ವೇರಿಯಂ ಇದೆ. ಒಂದೂವರೆ ಅಡಿಯಷ್ಟು ಬೆಳೆದ ಸ್ನೋಫ್ಲೇಕ್ ಎಂಬ ಮೊರೇ ಈಲ್ (ಹಾವಿನಂಥ ಉದ್ದನೆಯ ಮೈಯ ಮೀನು) ಒಂದೇ ಅದರಲ್ಲಿದ್ದು, ಚೆನ್ನಾಗಿ ತಿಂದುಕೊಂಡು ಆರೋಗ್ಯವಾಗಿದೆ. ಅದಕ್ಕೊಂದು ಜೊತೆ ಬೇಕೆನಿಸಿ ಅಂಗಡಿಗೆ ಹೋದಾಗ ಅಲ್ಲಿಯವರು ಒಂದು ಝೀಬ್ರಾ ಈಲನ್ನೂ ಒಂದು ಅಡಿ ಉದ್ದದ ಹನಿಕೂಂಬ್ ಈಲನ್ನೂ ತೋರಿಸಿ, ಎಲ್ಲವೂ ಒಂದೇ ಕುಟುಂಬದವಾದ್ದರಿಂದ ಒಂದೇ ಸಂದಿನಲ್ಲಿ ಮಲಗಿಕೊಂಡಿರುತ್ತವೆ ಎಂದರು. ಎರಡನ್ನೂ ತರಬಹುದೇ?
— ಓದುಗರೊಬ್ಬರು, ಮುಲುಂಡ್, ಮುಂಬಯಿ

ಉತ್ತರ: ಝೀಬ್ರಾ ತರಬಹುದು, ಆದರೆ ಈಗಿರುವ ಟ್ಯಾಂಕಿಗಲ್ಲ. ಹನಿಕೂಂಬ್ ಖಂಡಿತ ಬೇಡ. ಬೇರೆ ಬೇರೆ ಪ್ರಭೇದಗಳ ಹೆಸರು ಹಿಡಿದು ಇದೇ ಪ್ರಶ್ನೆಯನ್ನು ಹಲವರು ಕೇಳುತ್ತಿರುವುದರಿಂದ ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಮೊರೇ ಈಲ್‌ಗಳೆಲ್ಲವೂ ಮ್ಯೂರೆನಿಡೇ ಎಂಬ ಕುಟುಂಬಕ್ಕೆ ಸೇರಿದವು ಎಂಬುದರಲ್ಲಿ ತಪ್ಪಿಲ್ಲ. ಆದರೆ ಆ ಕುಟುಂಬದಲ್ಲಿ ಸುಮಾರು 200 ಪ್ರಭೇದಗಳಿದ್ದು, ಒಂದು ಅಡಿಯ ಆಸುಪಾಸಿನಲ್ಲೇ ಬೆಳವಣಿಗೆ ನಿಲ್ಲಿಸುವ ಗೋಲ್ಡನ್ ಡ್ವಾರ್ಫ್‌ನಿಂದ ಹಿಡಿದು ಮೂರು ಮೀಟರ್ ಉದ್ದಕ್ಕೆ ಬೆಳೆಯಬಲ್ಲ ಜಯಂಟ್ ಮೊರೇವರೆಗೆ ಎಲ್ಲವೂ ಅದರೊಳಗೇ ಬರುತ್ತವೆ. ಹೀಗಿರುವಾಗ ಕುಟುಂಬ ಒಂದೇ ಎಂಬುದು ಸಹವಾಸಕ್ಕೆ ಆಧಾರವಾಗಲಾರದು. ನಾವು ನೋಡಬೇಕಾದದ್ದು ಹಲ್ಲನ್ನು. ಸ್ನೋಫ್ಲೇಕ್ ಮತ್ತು ಝೀಬ್ರಾಗಳ ಬಾಯಲ್ಲಿರುವುದು ಮೊಂಡಾದ, ನುಣುಪಾದ ಗುಂಡು ಹಲ್ಲುಗಳು. ಏಡಿಯ ಚಿಪ್ಪನ್ನು ಒಡೆದು ಅರೆಯುವುದಕ್ಕೆ ಅವು ಹೇಳಿ ಮಾಡಿಸಿದಂತಿವೆ. ಕಡಲಿನಲ್ಲಿ ಈ ಎರಡರ ಮುಖ್ಯ ಆಹಾರವೂ ಏಡಿ, ಸಿಗಡಿಗಳೇ. ಹನಿಕೂಂಬ್‌ನ ಹಲ್ಲುಗಳಾದರೋ ಚೂಪಾಗಿ, ಒಳಕ್ಕೆ ಬಾಗಿಕೊಂಡಿರುತ್ತವೆ. ಅದು ಮೀನನ್ನೂ ಅಷ್ಟಪದಿಯನ್ನೂ ಹಿಡಿದು ತಿನ್ನುವ ಜೀವಿ. ಅದರ ಕಣ್ಣಿಗೆ, ಅಥವಾ ಮೂಗಿಗೆ ಎನ್ನುವುದೇ ಸರಿ, ನಿಮ್ಮ ಸ್ನೋಫ್ಲೇಕ್ ಉದ್ದನೆಯ ಒಂದು ಮೀನು ಮಾತ್ರ.

ಅಂಗಡಿಯಲ್ಲಿ ಒಂದು ಅಡಿ ಇರುವ ಹನಿಕೂಂಬ್ ನಿಮ್ಮ ಸ್ನೋಫ್ಲೇಕ್‌ಗಿಂತ ಚಿಕ್ಕದಾಗಿ, ನಿರುಪದ್ರವಿಯಾಗಿ ಕಾಣಿಸುವುದು ಸಹಜ. ಚೆನ್ನಾಗಿ ಬೆಳೆದದ್ದು ಆರು ಅಡಿಯಷ್ಟಾಗುತ್ತದೆ, ಕೆಲವು ಅದನ್ನೂ ಮೀರುತ್ತವೆ. ಸ್ನೋಫ್ಲೇಕ್ ಸಾಮಾನ್ಯವಾಗಿ ಎರಡು, ಎರಡೂವರೆ ಅಡಿಗೆ ನಿಲ್ಲುತ್ತದೆ. ಮೂರು ಅಡಿ ದಾಟುವುದು ಅಪರೂಪ. ಎರಡರ ನಡುವಿನ ಅಂತರ ವರ್ಷ ಕಳೆದಂತೆ ಹಿಗ್ಗುತ್ತಲೇ ಹೋಗುತ್ತದೆ, ಮತ್ತು ಯಾವ ದಿನ ದೊಡ್ಡದು ಚಿಕ್ಕದನ್ನು ಆಹಾರವೆಂದು ತೀರ್ಮಾನಿಸುತ್ತದೆ ಎಂಬುದನ್ನು ಮೊದಲೇ ತಿಳಿಯುವ ಉಪಾಯವಿಲ್ಲ. ಎರಡು ವರ್ಷ ಜೊತೆಗಿದ್ದು ಏನೂ ಆಗಲಿಲ್ಲ ಎಂದು ಯಾರಾದರೂ ಹೇಳಿದರೆ ಅದು ಮೂರನೆಯ ವರ್ಷಕ್ಕೆ ಕೊಟ್ಟ ಭರವಸೆಯಲ್ಲ. ಅಷ್ಟು ದೊಡ್ಡ ಪ್ರಾಣಿಗೆ ಮುಂಬಯಿಯ ಫ್ಲ್ಯಾಟಿನಲ್ಲಿ ಜಾಗ ಎಲ್ಲಿಂದ ತರುವುದು ಎಂಬ ಪ್ರಶ್ನೆ ಬೇರೆಯೇ ಇದೆ. ಗೋವೆಯ ಗ್ರ್ಯಾಂಡ್ ದ್ವೀಪದ ಬಳಿಯೋ ಮುರ್ಡೇಶ್ವರದ ಎದುರಿನ ನೇತ್ರಾಣಿಯ ಬಳಿಯೋ ಮುಳುಗು ಹಾಕುವವರು ಮೊರೇಗಳನ್ನು ಬಂಡೆಯ ಸಂದಿನಲ್ಲಿ ಕಾಣುತ್ತಾರೆ. ಹನಿಕೂಂಬ್‌ನಂಥದ್ದನ್ನು ಅಲ್ಲಿ ನೋಡುವುದೇ ಚೆಂದ ಎಂಬುದು ನನ್ನ ಅಭಿಪ್ರಾಯ.

ಈ ಪ್ರಾಣಿಗಳ ಕಡಿತ ಏಕೆ ಅಷ್ಟು ಗಂಭೀರವಾಗುತ್ತದೆ ಎಂಬುದನ್ನೂ ತಿಳಿದಿರಬೇಕು. ಹೆಚ್ಚಿನ ಮೀನುಗಳು ಬಾಯಿಯನ್ನು ಫಕ್ಕನೆ ಹಿಗ್ಗಿಸಿ ನೀರಿನೊಂದಿಗೆ ಆಹಾರವನ್ನು ಒಳಗೆಳೆದುಕೊಳ್ಳುತ್ತವೆ. ಇಕ್ಕಟ್ಟಾದ ಸಂದಿನಲ್ಲಿ ಬಾಳುವ ಮೊರೇಗೆ ತಲೆಯನ್ನು ಹಾಗೆ ಹಿಗ್ಗಿಸಲು ಬರುವುದಿಲ್ಲ. ಅದಕ್ಕೆ ಬದಲಾಗಿ ಅದರ ಗಂಟಲಿನಲ್ಲಿ ಹಲ್ಲುಗಳಿರುವ ಎರಡನೆಯ ಜೋಡಿ ದವಡೆಯಿದ್ದು, ಮುಂದಿನ ಬಾಯಿ ಬೇಟೆಯನ್ನು ಹಿಡಿದ ಕೂಡಲೇ ಆ ದವಡೆ ಗಂಟಲಿನಿಂದ ಮುಂದಕ್ಕೆ ಚಾಚಿಕೊಂಡು ಬಂದು ಬೇಟೆಯನ್ನು ಕಚ್ಚಿ ಒಳಕ್ಕೆ ಎಳೆದುಕೊಳ್ಳುತ್ತದೆ. ರೀಟಾ ಮೆಹ್ತಾ ಮತ್ತು ಪೀಟರ್ ವೇನ್‌ರೈಟ್ ಎಂಬ ವಿಜ್ಞಾನಿಗಳು 2007ರಲ್ಲಿ ಇದನ್ನು ವಿವರಿಸಿದರು. ಬೇಟೆ ನುಂಗಲಾರದಷ್ಟು ದೊಡ್ಡದಾಗಿದ್ದರೆ ಮೊರೇ ತನ್ನ ಮೈಯನ್ನೇ ಗಂಟು ಹಾಕಿಕೊಂಡು, ಆ ಗಂಟನ್ನು ತಲೆಯ ಕಡೆಗೆ ಜಾರಿಸಿ, ಅದರ ಬಲದಿಂದ ತುಂಡು ಕಿತ್ತುಕೊಳ್ಳುವುದೂ ಉಂಟು. ಆದ್ದರಿಂದ ಬಾಯಲ್ಲಿ ಹಿಡಿಸದಷ್ಟು ದಪ್ಪಗಿದ್ದ ಮಾತ್ರಕ್ಕೆ ಇನ್ನೊಂದು ಈಲ್ ಸುರಕ್ಷಿತ ಎನ್ನಲಾಗುವುದಿಲ್ಲ.

ಈಗ ಝೀಬ್ರಾ ವಿಚಾರ. ಮೊರೇಗಳ ಪೈಕಿ ಇದರಷ್ಟು ಸಾಧುವಾದದ್ದು ಅಂಗಡಿಗಳಿಗೆ ಬರುವುದು ಕಡಿಮೆ. ಸ್ನೋಫ್ಲೇಕ್ ಜೊತೆಗೆ ಇದನ್ನು ವರ್ಷಗಟ್ಟಲೆ ಇಟ್ಟುಕೊಂಡವರು ಅನೇಕರಿದ್ದಾರೆ. ತೊಡಕಿರುವುದು ಇದರ ಗಾತ್ರದಲ್ಲಿ: ಅಕ್ವೇರಿಯಂನಲ್ಲೇ ಮೂರರಿಂದ ನಾಲ್ಕು ಅಡಿಗೆ ಬೆಳೆಯುತ್ತದೆ, ಕಡಲಿನಲ್ಲಿ ಐದು ಅಡಿಯನ್ನೂ ಮುಟ್ಟುತ್ತದೆ, ಉದ್ದಕ್ಕೆ ತಕ್ಕಂತೆ ದಪ್ಪವೂ ಆಗುತ್ತದೆ. ನಿಮ್ಮ ನಾಲ್ಕು ಅಡಿಯ ಟ್ಯಾಂಕಿನಲ್ಲಿ ನೀರು ಹಿಡಿಸುವುದು 250 ಲೀಟರಿನ ಆಸುಪಾಸು ಎಂದಿಟ್ಟುಕೊಂಡರೆ ಅದು ಒಂದು ಸ್ನೋಫ್ಲೇಕ್‌ಗೆ ಸಾಕು, ಎರಡು ಪ್ರಾಣಿಗಳಿಗೆ ಸಾಲದು. ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಟ್ಯಾಂಕ್ ಮಾಡಿಸುವುದು ಸಾಧ್ಯವಾದರೆ ಮಾತ್ರ ಮುಂದುವರಿಯಿರಿ. ಎತ್ತರಕ್ಕಿಂತ ನೆಲದ ವಿಸ್ತಾರ ಮುಖ್ಯ, ಏಕೆಂದರೆ ಇವು ತಳದಲ್ಲೇ ಹರಿದಾಡುವ ಪ್ರಾಣಿಗಳು.

ಆದರೆ ಅಂಥ ಟ್ಯಾಂಕನ್ನು ಇಡುವ ಮೊದಲು ಕಟ್ಟಡದ ಬಗ್ಗೆ ಯೋಚಿಸಬೇಕು. ಅದರಲ್ಲಿ ಕಲ್ಲುಗಳನ್ನು ಕಳೆದು 550 ಲೀಟರಿನಷ್ಟು ನೀರಿದ್ದರೂ, ಗಾಜು, ಕಲ್ಲು, ಕಬ್ಬಿಣದ ಸ್ಟ್ಯಾಂಡ್ ಎಲ್ಲವೂ ಸೇರಿ ಮುಕ್ಕಾಲು ಟನ್ನನ್ನು ಮೀರುವ ಭಾರ ಒಂದು ಚದರ ಮೀಟರಿನಷ್ಟು ಜಾಗದ ಮೇಲೆ ಕೂರುತ್ತದೆ. ವಾಸದ ಕೋಣೆಗಳ ನೆಲವನ್ನು ಭಾರತೀಯ ಮಾನಕದ ಪ್ರಕಾರ ಚದರ ಮೀಟರಿಗೆ ಸುಮಾರು 200 ಕಿಲೋ ಬಳಕೆಯ ಭಾರಕ್ಕೆ ಲೆಕ್ಕ ಹಾಕಿ ಕಟ್ಟಿರುತ್ತಾರೆ. ತೊಲೆಯ ಮೇಲೆ, ಗೋಡೆಗೆ ಒತ್ತಿ ಇಟ್ಟಾಗ ಲೆಕ್ಕ ಬದಲಾಗುತ್ತದೆ ಎಂಬುದು ನಿಜವಾದರೂ, ಅದನ್ನು ಹೇಳಬೇಕಾದವರು ಸ್ಟ್ರಕ್ಚರಲ್ ಇಂಜಿನಿಯರ್. ಹಳೆಯ ಕಟ್ಟಡವಾಗಿದ್ದರೆ ಅವರನ್ನು ಕೇಳದೆ, ಸೊಸೈಟಿಗೆ ತಿಳಿಸದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಟ್ಯಾಂಕ್ ಸಿದ್ಧವಾದ ಮೇಲೆ ನೀರನ್ನು ಪಕ್ವಗೊಳಿಸಲು, ಅಂದರೆ ಹೊಲಸನ್ನು ಅರಗಿಸುವ ಬ್ಯಾಕ್ಟೀರಿಯಾ ಬೆಳೆಯಲು, ನಾಲ್ಕರಿಂದ ಆರು ವಾರ ಬಿಡಿ. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವವರೆಗೆ ಯಾವ ಈಲನ್ನೂ ಹಾಕಬೇಡಿ. ಚೌಪಾಟಿಯಿಂದ ನೀರು ತುಂಬಿಸಿ ತರುವ ಆಲೋಚನೆ ಬೇಡ. ಮುಂಬಯಿಯ ದಡದ ನೀರಿನಲ್ಲಿ ಚರಂಡಿಯ ಕೊಳೆಯಿದೆ, ಮಳೆಗಾಲದಲ್ಲಿ ಉಪ್ಪಿನಂಶವೂ ಇಳಿಯುತ್ತದೆ. ಆರ್‌ಒ ನೀರಿಗೆ ಅಕ್ವೇರಿಯಂ ಉಪ್ಪನ್ನು ಲೀಟರಿಗೆ 35 ಗ್ರಾಂನಂತೆ ಬೆರೆಸಿ, ಸಾಪೇಕ್ಷ ಸಾಂದ್ರತೆಯನ್ನು (ಸಿಹಿನೀರಿಗೆ ಹೋಲಿಸಿದಾಗಿನ ಸಾಂದ್ರತೆ) 1.023ರಿಂದ 1.025ರ ನಡುವೆ, ಉಷ್ಣತೆಯನ್ನು 24ರಿಂದ 27 ಡಿಗ್ರಿ ಸೆಲ್ಸಿಯಸ್‌ನ ನಡುವೆ ಇರಿಸಬೇಕು. ನಮ್ಮ ಮೇ ತಿಂಗಳಲ್ಲಿ ನೀರು ತಂಪು ಮಾಡುವ ಚಿಲ್ಲರ್ ಇಲ್ಲದೆ ಇದು ಸಾಧ್ಯವಾಗುವುದಿಲ್ಲ. ಎರಡು ಈಲ್‌ಗಳು ತಿಂದು ಮಾಡುವ ಹೊಲಸು ಬಹಳ ಹೆಚ್ಚಿರುವುದರಿಂದ ಹೊಲಸನ್ನು ನೊರೆಯ ಜೊತೆ ಹೊರತೆಗೆಯುವ ಪ್ರೋಟೀನ್ ಸ್ಕಿಮ್ಮರನ್ನು ಟ್ಯಾಂಕಿನ ಗಾತ್ರಕ್ಕೆ ಹೇಳಿದ್ದಕ್ಕಿಂತ ಒಂದು ದರ್ಜೆ ದೊಡ್ಡದನ್ನೇ ಕೊಳ್ಳಿ.

ಅಡಗುದಾಣಗಳ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಎರಡು ಈಲ್‌ಗಳಿಗೆ ಕನಿಷ್ಠ ನಾಲ್ಕು ಅಡಗುದಾಣಗಳಿರಲಿ. ಎರಡೂ ತುದಿ ತೆರೆದಿರುವ, ಈಲ್‌ನ ಮೈದಪ್ಪಕ್ಕಿಂತ ಸ್ವಲ್ಪ ಅಗಲವಾದ ಪಿವಿಸಿ ಪೈಪುಗಳನ್ನು ಕಲ್ಲುಗಳ ಕೆಳಗೆ ಹುದುಗಿಸಿಟ್ಟರೆ ಸಾಕು. ಕಲ್ಲುಗಳನ್ನು ಮರಳಿನ ಮೇಲಲ್ಲ, ನೇರವಾಗಿ ತಳದ ಗಾಜಿನ ಮೇಲೆ ಅಲುಗದಂತೆ ಕೂರಿಸಿ, ಆಮೇಲೆ ಮರಳು ಹರಡಿ. ಇಲ್ಲದಿದ್ದರೆ ಈಲ್ ಮರಳು ತೋಡಿದಾಗ ಕಲ್ಲಿನ ರಾಶಿ ಅದರ ಮೇಲೆಯೇ ಕುಸಿಯುತ್ತದೆ. ಕಲ್ಲು ಕೊಳ್ಳುವಾಗಲೂ ಎಚ್ಚರವಿರಲಿ. ಲೈವ್ ರಾಕ್ ಎಂಬ ಹೆಸರಿನಲ್ಲಿ ಸಿಗುವುದು ಹಲವು ಬಾರಿ ನಮ್ಮದೇ ಕಡಲಿನಿಂದ ಕಿತ್ತ ಹವಳವಾಗಿರುತ್ತದೆ. ಹವಳದ ದಿಬ್ಬ ಕಟ್ಟುವ ಜೀವಿಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿರುವುದರಿಂದ ಅದನ್ನು ಇಟ್ಟುಕೊಳ್ಳುವುದು ಅಪರಾಧ. ಕೃತಕ ಕಲ್ಲು, ಸೆರಾಮಿಕ್ ತುಂಡುಗಳಿಂದಲೂ ಕೆಲಸ ನಡೆಯುತ್ತದೆ. ಈಲ್‌ಗೆ ಕತ್ತಲೆ ಮತ್ತು ಮೈ ತಾಗುವಷ್ಟು ಇಕ್ಕಟ್ಟು ಸಿಕ್ಕಿದರೆ ಉಳಿದದ್ದು ಬೇಕಾಗಿಲ್ಲ.

ಎರಡನ್ನೂ ಹೊಸ ಟ್ಯಾಂಕಿಗೆ ಒಂದೇ ದಿನ ಬಿಡಿ. ಹಳೆಯದು ಮೊದಲೇ ನೆಲೆಯೂರಿರುವ ಕಡೆಗೆ ಹೊಸದನ್ನು ತರುವುದಾದರೆ ಕಲ್ಲುಗಳ ಜೋಡಣೆಯನ್ನು ಪೂರ್ತಿ ಬದಲಿಸಿ, ನಡುವೆ ತೂತುಗಳಿರುವ ಪ್ಲಾಸ್ಟಿಕ್ ಜಾಲರಿಯ ಅಡ್ಡಗೋಡೆ ಕಟ್ಟಿ ಒಂದು ವಾರ ಒಂದರ ವಾಸನೆ ಇನ್ನೊಂದಕ್ಕೆ ಪರಿಚಯವಾಗಲು ಬಿಡಬೇಕು. ಮುಚ್ಚಳದ ಮಾತನ್ನಂತೂ ಎಷ್ಟು ಸಲ ಹೇಳಿದರೂ ಕಡಿಮೆಯೇ. ಹೊಸ ಈಲ್ ಬಂದ ಮೊದಲ ರಾತ್ರಿಗಳಲ್ಲಿ ಎರಡರಲ್ಲೊಂದು ಹೊರಬರಲು ಯತ್ನಿಸುವುದು ತೀರಾ ಸಾಮಾನ್ಯ. ಪೈಪು, ವೈರು ಹಾಯುವ ಕಂಡಿಗಳನ್ನೆಲ್ಲ ಸ್ಪಂಜಿನಿಂದ ಮುಚ್ಚಿ, ಮುಚ್ಚಳವನ್ನು ಕ್ಲಿಪ್ಪಿನಿಂದ ಬಿಗಿದು, ಓವರ್‌ಫ್ಲೋ ಬಾಯಿಗೆ ಜಾಲರಿ ಹಾಕಿ. ಬೆಳಿಗ್ಗೆ ಎದ್ದಾಗ ಈಲ್ ನೆಲದ ಮೇಲೆ ಒಣಗಿದಂತೆ ಬಿದ್ದಿದ್ದರೂ ಸತ್ತಿದೆ ಎಂದು ಎಸೆಯಬೇಡಿ. ಮೈಯ ಲೋಳೆಯಿಂದಾಗಿ ಇವು ನೀರಿನ ಹೊರಗೂ ಸಾಕಷ್ಟು ಹೊತ್ತು ಜೀವ ಹಿಡಿದುಕೊಳ್ಳುತ್ತವೆ. ಒದ್ದೆ ಬಟ್ಟೆಯಲ್ಲಿ ಎತ್ತಿ ನೀರಿಗೆ ಬಿಟ್ಟು ನೋಡಿ.

ಪ್ರಶ್ನೆ: ಪುಣೆಯ ನಮ್ಮ ಮನೆಯಲ್ಲಿ ಎರಡು ಸ್ನೋಫ್ಲೇಕ್‌ಗಳು ಒಂದೇ ಪೈಪಿನಲ್ಲಿ ಸುತ್ತಿಕೊಂಡು ಮಲಗುವಷ್ಟು ಹೊಂದಿಕೊಂಡಿದ್ದವು. ಕಳೆದ ವಾರ ಸಿಗಡಿ ಹಾಕಿದಾಗ ಒಂದು ಇನ್ನೊಂದರ ಬಾಲವನ್ನು ಕಚ್ಚಿ ಗಾಯ ಮಾಡಿದೆ. ಕಚ್ಚಿಸಿಕೊಂಡದ್ದು ಆಮೇಲೆ ತಿನ್ನುತ್ತಿಲ್ಲ. ತಾಮ್ರದ ಔಷಧಿ ಹಾಕಲು ಗೆಳೆಯರು ಹೇಳುತ್ತಾರೆ. ಎರಡನ್ನೂ ಬೇರ್ಪಡಿಸಬೇಕೇ?
— ಓದುಗರೊಬ್ಬರು, ಪುಣೆ

ಉತ್ತರ: ತಾಮ್ರದ ಔಷಧಿಯನ್ನು ಯಾವ ಕಾರಣಕ್ಕೂ ಹಾಕಬೇಡಿ. ಮೊರೇಗಳಿಗೆ ಹುರುಪೆಯ ರಕ್ಷಣೆಯಿಲ್ಲ, ಮೈಮೇಲಿರುವುದು ಲೋಳೆ ಮಾತ್ರ. ಇತರ ಮೀನುಗಳು ತಡೆದುಕೊಳ್ಳುವ ತಾಮ್ರ ಇವುಗಳಿಗೆ ವಿಷವಾಗಬಹುದು. ಅಲ್ಲದೆ ಅದು ಪರೋಪಜೀವಿಗಳಿಗೆ ಹಾಕುವ ಔಷಧಿ, ಕಡಿದ ಗಾಯಕ್ಕೂ ಅದಕ್ಕೂ ಸಂಬಂಧವಿಲ್ಲ. ನೀರನ್ನು ಶುಚಿಯಾಗಿಡುವುದೇ ಈ ಗಾಯಕ್ಕೆ ಮುಖ್ಯ ಚಿಕಿತ್ಸೆ. ಈ ವಾರ ಮತ್ತು ಮುಂದಿನ ವಾರ ಎರಡೆರಡು ಸಲ ಐದನೆಯ ಒಂದು ಪಾಲು ನೀರನ್ನು ಬದಲಿಸಿ. ಗಾಯದ ಅಂಚು ಕೆಂಪಾಗಿ ಹರಡುತ್ತಿದ್ದರೆ ಅಥವಾ ಬಿಳಿಯ ಹತ್ತಿಯಂಥ ಪೊರೆ ಕಾಣಿಸಿದರೆ ಆ ಈಲನ್ನು ಬೇರೆ ಟ್ಯಾಂಕಿಗೆ ಹಾಕಿ, ಮೀನುಗಳನ್ನು ನೋಡುವ ಪಶುವೈದ್ಯರ ಸಲಹೆಯಂತೆ ಪ್ರತಿಜೈವಿಕ ಕೊಡಬೇಕಾಗುತ್ತದೆ. ತಿನ್ನದಿರುವುದರ ಬಗ್ಗೆ ಈಗಲೇ ಚಿಂತೆ ಬೇಡ. ಆರೋಗ್ಯವಾಗಿರುವ ಮೊರೇ ಕೂಡ ಕೆಲವೊಮ್ಮೆ ವಾರಗಟ್ಟಲೆ ಉಪವಾಸ ಮಾಡುತ್ತದೆ.

ಕಾಯಂ ಆಗಿ ಬೇರ್ಪಡಿಸುವ ಅಗತ್ಯ ನನಗೆ ಕಾಣುವುದಿಲ್ಲ, ಏಕೆಂದರೆ ನೀವು ವಿವರಿಸಿರುವುದು ಜಗಳವಲ್ಲ. ಮೊರೇಗಳ ದೃಷ್ಟಿ ಮಂದ, ಘ್ರಾಣಶಕ್ತಿ ಅತಿ ಚುರುಕು. ನೀರಿನಲ್ಲಿ ಸಿಗಡಿಯ ವಾಸನೆ ಹರಡಿದ ಮೇಲೆ ಮುಂದೆ ಅಲುಗಾಡುವ ಯಾವ ವಸ್ತುವನ್ನಾದರೂ ಅವು ಸಿಗಡಿಯೆಂದೇ ಭಾವಿಸಿ ಬಾಯಿ ಹಾಕುತ್ತವೆ. ಕಚ್ಚಿದ್ದು ಸಂಗಾತಿಯ ಬಾಲ ಎಂಬುದು ಅದಕ್ಕೆ ತಿಳಿದಿರಲಾರದು. ಜೊತೆಯಲ್ಲಿಟ್ಟ ಈಲ್‌ಗಳಿಗೆ ಆಗುವ ಗಾಯಗಳಲ್ಲಿ ಬಹುಪಾಲು ಊಟದ ಹೊತ್ತಿನಲ್ಲೇ ಆಗುವಂಥವು. ಹಾಗಾಗಿ ಆಹಾರವನ್ನು ನೀರಿಗೆ ಸುರಿಯುವ ಪದ್ಧತಿಯನ್ನು ಇಂದೇ ನಿಲ್ಲಿಸಿ. ಒಂದು ಅಡಿಗಿಂತ ಉದ್ದದ ಎರಡು ಇಕ್ಕಳಗಳನ್ನು ತಂದು, ಮನೆಯವರೊಬ್ಬರ ನೆರವು ಪಡೆದು, ಟ್ಯಾಂಕಿನ ಎರಡು ತುದಿಗಳಲ್ಲಿ ಎರಡಕ್ಕೂ ಏಕಕಾಲದಲ್ಲಿ ತುಂಡುಗಳನ್ನು ಬಾಯಿಗೇ ಕೊಡಿ. ಕೆಲವು ವಾರಗಳಲ್ಲಿ ಪ್ರತಿಯೊಂದೂ ತನ್ನ ತುದಿಯನ್ನು ಗುರುತಿಸಿಕೊಂಡು ಅಲ್ಲಿಗೇ ಬರತೊಡಗುತ್ತದೆ. ಒಂದೇ ತುಂಡನ್ನು ಎರಡೂ ಹಿಡಿದುಕೊಂಡರೆ ಎಳೆದು ಬಿಡಿಸಲು ಹೋಗದೆ ನಡುವೆ ಕತ್ತರಿಯಿಂದ ಕತ್ತರಿಸಿಬಿಡಿ. ಕೈಯಿಂದ ತಿನ್ನಿಸುವ ಶೋಕಿ ಬೇಡವೇ ಬೇಡ. ಹಾಗೊಮ್ಮೆ ಕಚ್ಚಿದರೆ ಚೆನ್ನಾಗಿ ತೊಳೆದುಕೊಂಡು, ಗಾಯ ಚಿಕ್ಕದಾಗಿದ್ದರೂ ವೈದ್ಯರಿಗೆ ತೋರಿಸಿ, ಏಕೆಂದರೆ ಇದು ಕೀವಾಗುವುದು ಬೇಗ.

ವಾರಕ್ಕೆ ಎರಡು, ಹೆಚ್ಚೆಂದರೆ ಮೂರು ಸಲದ ಊಟ ಸಾಕು. ಸಿಗಡಿಯೊಂದನ್ನೇ ಕೊಡುತ್ತ ಹೋಗಬೇಡಿ. ಹಸಿ ಸಿಗಡಿಯಲ್ಲಿಯೂ ಕೆಲವು ಚಿಪ್ಪು ಮತ್ತು ಮೀನುಗಳಲ್ಲಿಯೂ ಇರುವ ಥಯಾಮಿನೇಸ್ ಎಂಬ ಕಿಣ್ವ ಬಿ1 ಜೀವಸತ್ವವನ್ನು ನಾಶಪಡಿಸುತ್ತದೆ, ಅದರ ಕೊರತೆಯ ಪರಿಣಾಮ ತಿಂಗಳುಗಳ ನಂತರ ಕಾಣಿಸಿಕೊಳ್ಳುತ್ತದೆ. ಏಡಿಯ ಕಾಲು, ಇಲ್ಲಿನ ಮಾರುಕಟ್ಟೆಯವರು ಮಾಕುಳ್ ಎನ್ನುವ ಬೊಂಡಾಸ್ (ಸ್ಕ್ವಿಡ್), ಅಷ್ಟಪದಿಯ ತುಂಡು, ಅಪರೂಪಕ್ಕೆ ಮೀನು ಎಂದು ಬದಲಿಸುತ್ತಿದ್ದು, ಜೀವಸತ್ವದ ಹನಿಗಳನ್ನು ತುಂಡಿಗೆ ಸವರಿ ಕೊಡಬೇಕು. ಜೂನ್ ತಿಂಗಳಲ್ಲಿ ಯಾಂತ್ರಿಕ ದೋಣಿಗಳ ಮೇಲೆ ನಿಷೇಧ ಬೀಳುವುದರಿಂದ ಮಳೆಗಾಲದಲ್ಲಿ ತಾಜಾ ಮಾಲು ಕಡಿಮೆ, ಬೆಲೆ ಹೆಚ್ಚು. ಮೇ ತಿಂಗಳಲ್ಲೇ ಸಣ್ಣ ಸಣ್ಣ ಪೊಟ್ಟಣ ಮಾಡಿ ಫ್ರೀಜರಿನಲ್ಲಿ ಇಟ್ಟುಕೊಳ್ಳುವುದು ಜಾಣತನ, ಮನೆಯವರ ಒಪ್ಪಿಗೆಯಿದ್ದರೆ.

ಪ್ರಶ್ನೆ: ಗೋವೆಯ ಅಂಗಡಿಯೊಂದರಲ್ಲಿ ಸಿಹಿನೀರಿನ ಮೊರೇ ಎಂದು ಹೇಳಿ ಕೊಟ್ಟ, ಚಿನ್ನದ ಚುಕ್ಕೆಗಳಿರುವ ಈಲ್ ತಿಂಗಳಿನಿಂದ ಸೊರಗುತ್ತಿದೆ. ಇದನ್ನು ನನ್ನ ಉಪ್ಪುನೀರಿನ ಸ್ನೋಫ್ಲೇಕ್ ಜೊತೆಗೆ ಬಿಡಬಹುದೇ?
— ಓದುಗರೊಬ್ಬರು, ವಾಸ್ಕೊ, ಗೋವಾ

ಉತ್ತರ: ನಿಮ್ಮ ವರ್ಣನೆಯನ್ನು ನೋಡಿದರೆ ಅದು ಜಿಮ್ನೊಥೊರಾಕ್ಸ್ ಟೈಲ್ ಎಂಬ ಪ್ರಭೇದವಾಗಿರುವ ಸಂಭವ ಹೆಚ್ಚು. ಇದು ನಮ್ಮ ದೇಶದ ಅಳಿವೆಗಳಲ್ಲಿ, ಅಂದರೆ ಹೊಳೆ ಕಡಲನ್ನು ಸೇರುವ ಚೌಳು ನೀರಿನಲ್ಲಿ ಬಾಳುವ ಮೊರೇ. ಸಿಹಿನೀರಿನಲ್ಲಿ ಕೆಲವು ತಿಂಗಳು ಸಾಯದೆ ಉಳಿಯುತ್ತದೆ ಎಂಬುದನ್ನೇ ಅಲ್ಲಿ ಬದುಕುತ್ತದೆ ಎಂದು ಮಾರುವುದು ಈ ವ್ಯಾಪಾರದ ಹಳೆಯ ಚಾಳಿ. ಮೊದಲು ಅದಕ್ಕೆ ಉಪ್ಪು ಬೇಕು. ಈಗಿರುವ ಟ್ಯಾಂಕಿನಲ್ಲೇ, ಪ್ರತಿ ವಾರ ನೀರು ಬದಲಿಸುವಾಗ ಸಾಂದ್ರತೆಯನ್ನು 0.002ರಷ್ಟು ಏರಿಸುತ್ತ ಬನ್ನಿ. ಉಪ್ಪಿಗೆ ಒಗ್ಗಿದ ಬ್ಯಾಕ್ಟೀರಿಯಾ ಬೆಳೆಯಲು ಸಮಯ ಬೇಕಾಗುವುದರಿಂದ ಅವಸರ ಮಾಡಬೇಡಿ, ಅಮೋನಿಯಾವನ್ನು ಪರೀಕ್ಷಿಸುತ್ತಲೇ ಇರಿ. 1.010ರ ಹತ್ತಿರ ಬರುವಷ್ಟರಲ್ಲಿ ಅದು ತಿನ್ನಲು ಆರಂಭಿಸುವ ನಿರೀಕ್ಷೆಯಿದೆ.

ಕೊನೆಗೆ ಕಡಲಿನ ಉಪ್ಪಿನ ಮಟ್ಟಕ್ಕೂ ಅದು ಹೊಂದಿಕೊಳ್ಳಬಲ್ಲದು, ಆದ್ದರಿಂದ ಸ್ನೋಫ್ಲೇಕ್ ಜೊತೆಗೆ ಇಡುವುದು ನೀರಿನ ದೃಷ್ಟಿಯಿಂದ ಅಸಾಧ್ಯವಲ್ಲ. ಆದರೂ ನಾನು ಬೇಡ ಎನ್ನುತ್ತೇನೆ. ಎರಡು ಅಡಿ ಮೀರದ ಈ ಈಲ್‌ಗೆ ಚೂಪು ಹಲ್ಲುಗಳಿವೆ, ಈಗ ಅದು ಬಡಕಲಾಗಿಯೂ ಹಸಿದೂ ಇದೆ. ಬಲವಾಗಿರುವ ಸ್ನೋಫ್ಲೇಕ್ ಎದುರು ಊಟದ ಹೊತ್ತಿನಲ್ಲಿ ಒಂದೋ ಹಿಂದೆ ಬೀಳುತ್ತದೆ, ಇಲ್ಲವೇ ಕಚ್ಚುತ್ತದೆ. ಚೌಳು ನೀರಿನ ಪ್ರತ್ಯೇಕ ಟ್ಯಾಂಕ್ ಅದಕ್ಕೆ ತಕ್ಕ ಮನೆ.

ಪ್ರಶ್ನೆ: ಸ್ನೋಫ್ಲೇಕ್ ಇರುವ ಟ್ಯಾಂಕಿಗೆ ನೀಲಿ ರಿಬ್ಬನ್ ಈಲ್ ಸೇರಿಸಬೇಕೆಂದು ಮಗಳ ಆಸೆ. ಅದು ಸಿಗದಿದ್ದರೆ ಗೋಲ್ಡನ್ ಡ್ವಾರ್ಫ್ ಆಗಬಹುದೇ?
— ಓದುಗರೊಬ್ಬರು, ಮಾಟುಂಗಾ, ಮುಂಬಯಿ

ಉತ್ತರ: ರಿಬ್ಬನ್ ಈಲ್ ನೋಡಲು ಅದ್ಭುತ. ಎಳೆಯದರಲ್ಲಿ ಕಪ್ಪು, ಬೆಳೆದ ಗಂಡಿನಲ್ಲಿ ನೀಲಿ, ಮುಂದೆ ಹೆಣ್ಣಾಗಿ ಮಾರ್ಪಟ್ಟಾಗ ಹಳದಿ ಎಂದು ಬಣ್ಣ ಬದಲಿಸುತ್ತದೆ ಎಂದು ಹೇಳಿದರೆ ಮಗಳ ಆಸೆ ಇನ್ನೂ ಹೆಚ್ಚಾದೀತು. ಆದರೆ ಸೆರೆಯಲ್ಲಿ ಇದು ಆಹಾರ ಮುಟ್ಟದೆ ಹಸಿದು ಸಾಯುವುದೇ ಹೆಚ್ಚು. ಪಳಗಿದವರ ಕೈಯಲ್ಲೂ ಉಳಿಯುವುದು ಕೆಲವೇ. ಇನ್ನೊಂದು ಮೊರೇ ಇರುವ ಟ್ಯಾಂಕಿನಲ್ಲಂತೂ ಬೆರಳು ದಪ್ಪದ ಈ ಪ್ರಾಣಿ ಹೊರಗೆ ತಲೆ ಹಾಕುವುದೂ ಕಷ್ಟ. ಮೊರೇಗಳನ್ನು ವ್ಯಾಪಾರಕ್ಕಾಗಿ ಸಾಕಿ ಮರಿ ಮಾಡಿಸುವ ಪದ್ಧತಿ ಇಲ್ಲದಿರುವುದರಿಂದ ಅಂಗಡಿಗೆ ಬರುವವು ಕಡಲಿನಿಂದಲೇ ಹಿಡಿದು ತಂದವು ಎಂಬುದನ್ನೂ ನೆನಪಿಡಿ. ತಿನ್ನದ ಈಲನ್ನು ಕೊಂಡರೆ ಅದರ ಜಾಗಕ್ಕೆ ಇನ್ನೊಂದು ಕಡಲಿನಿಂದಲೇ ಬರುತ್ತದೆ.

ಗೋಲ್ಡನ್ ಡ್ವಾರ್ಫ್ ಗಟ್ಟಿಮುಟ್ಟಾದದ್ದು, 100 ಲೀಟರಿನ ಟ್ಯಾಂಕಿನಲ್ಲೂ ಸುಖವಾಗಿರುತ್ತದೆ, ಆದರೆ ಒಂಟಿಯಾಗಿ. ಸ್ನೋಫ್ಲೇಕ್‌ನ ಹಲ್ಲು ಮೊಂಡಾದರೂ ಅಷ್ಟು ಚಿಕ್ಕ ಈಲ್ ಅದಕ್ಕೆ ತುತ್ತಾಗಬಲ್ಲದು, ಮತ್ತು ಡ್ವಾರ್ಫ್‌ನ ಬೆಲೆ ಸ್ನೋಫ್ಲೇಕ್‌ನ ಹಲವು ಪಟ್ಟು ಇರುತ್ತದೆ. ಮಗಳಿಗೆ ಎರಡನೆಯ ಈಲ್ ಬೇಕೇಬೇಕೆಂದಾದರೆ, ನಿಮ್ಮಲ್ಲಿರುವುದರಷ್ಟೇ ಉದ್ದದ ಇನ್ನೊಂದು ಸ್ನೋಫ್ಲೇಕನ್ನು, ಅಂಗಡಿಯಲ್ಲಿ ಇಕ್ಕಳದಿಂದ ತಿನ್ನುವುದನ್ನು ಕಣ್ಣಾರೆ ನೋಡಿದ ಮೇಲೆ ತನ್ನಿ.